ಹಂಚಿನಾಳ ಸರ್ ಅವರ ಬರಿಹೊತ್ತು

ಮಧ್ಯಾಹ್ನ ಹನ್ನೆರಡರ ಗಂಟೆ ಬಾರಿಸಿತೆಂದರೆ ಹಂಚಿನಾಳ ಸರ್ ಕನ್ನಡಕ ತೆಗೆದು, ಕರವಸ್ತ್ರದಲ್ಲಿ ಎರಡು ಸುತ್ತು ಸುತ್ತಿ ಕೋಟಿನ ಜೇಬಿಗೆ ಇಳಿಬಿಡುತ್ತಿದ್ದರು. ಹೊತ್ತು ಮುಳುಗುವವರೆಗೆ ಮತ್ತೆ ಅದನ್ನು ಮುಟ್ಟುತ್ತಿರಲಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ಕಾಲಕ್ಕೂ ಹೀಗೆಯೇ, ಮುಂದೆ ಪ್ರಾಂತ ಪರಿಷತ್ತಿನ ಅಧ್ಯಕ್ಷರಾದ ಮೇಲೂ ಹೀಗೆಯೇ. ಕುರ್ಚಿಗೆ ಒರಗಿ, ಕೈ ಕಟ್ಟಿಕೊಂಡು, ಎದುರಿಗಿದ್ದವರ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳುತ್ತಿದ್ದರೆಂದರೆ ಜನ ಅವರನ್ನು ಕಾಣಲು ಮಧ್ಯಾಹ್ನವೇ ಬರುತ್ತಿದ್ದರು. ಓದಲಾಗದ ಮನುಷ್ಯ ಕೇಳುತ್ತಾನೆ ಎಂಬುದು ನಮ್ಮೂರಿನ ಹಳೆಯ ತಿಳಿವಳಿಕೆ.

ನಮ್ಮೂರಲ್ಲಿ ಹುಟ್ಟಿದವರ ಕಣ್ಣಿಗೆ ಹನ್ನೆರಡರಿಂದ ಹೊತ್ತು ಮುಳುಗುವ ತನಕ ಅಕ್ಷರ ಕಾಣುವುದಿಲ್ಲ. ಕಾಗದ ಕಾಣುತ್ತದೆ, ಮಸಿಯ ವಾಸನೆ ಬರುತ್ತದೆ, ಅಕ್ಷರ ಮಾತ್ರ ಇರುವುದಿಲ್ಲ. ಅದಕ್ಕೆ ಬರಿಹೊತ್ತು ಎನ್ನುತ್ತಾರೆ. ಹೊಳೆಯ ಆಚೆದಂಡೆಯಲ್ಲಿ ಹುಟ್ಟಿದವರಿಗೆ ಇದೇ ಬರಿಹೊತ್ತು ಬೆಳಗಾದಾಗಿನಿಂದ ಹನ್ನೆರಡರವರೆಗೆ. ಊರು ಬಿಟ್ಟು ಎಲ್ಲಿಗೆ ಹೋದರೂ ಹುಟ್ಟಿದ ದಂಡೆಯ ಹೊತ್ತು ಬೆನ್ನು ಬಿಡುವುದಿಲ್ಲ. ಇದರಿಂದ ಯಾರೂ ಉಪವಾಸ ಬಿದ್ದದ್ದಿಲ್ಲ. ಬಸ್ಸುಗಳಿಗೆ ಬಣ್ಣ ಇತ್ತು, ಅಂಗಡಿಗಳಿಗೆ ಚಿತ್ರ ಇತ್ತು, ಔಷಧದ ಸೀಸೆಗಳ ಕೊರಳಿಗೆ ದಾರ ಇತ್ತು: ಒಂದು ಗಂಟು ಹಾಕಿದ್ದರೆ ಊಟಕ್ಕೆ ಮೊದಲು, ಎರಡಿದ್ದರೆ ಆಮೇಲೆ. ಮಧ್ಯಾಹ್ನದ ಟಪಾಲು ಓದಿ ಹೇಳಲಿಕ್ಕೆಂದೇ ಕೆಲವರು ಆಚೆದಂಡೆಯ ಸೊಸೆಯನ್ನು ತಂದುಕೊಳ್ಳುತ್ತಿದ್ದರು. ಆ ಸೊಸೆ ಕಾಗದದಲ್ಲಿ ಇದ್ದದ್ದನ್ನೆಲ್ಲ ಓದಿದಳೋ ತನಗೆ ಬೇಕಾದಷ್ಟನ್ನೇ ಓದಿದಳೋ ಎಂದು ಅತ್ತೆಯಂದಿರು ದೀಪ ಹಚ್ಚುವವರೆಗೆ ಚಡಪಡಿಸುತ್ತಿದ್ದರು.

ನಾನು ಆಚೆದಂಡೆಯವಳು. ಹೆಸರು ನೀಲವ್ವ. ಕಾಲೇಜಿನ ಆಫೀಸಿನಲ್ಲಿ ಮಧ್ಯಾಹ್ನದ ಪಾಳಿಯ ಟೈಪಿಸ್ಟ್ ಆಗಿ ಸೇರಿದೆ. ಬೆಳಗಿನ ಪಾಳಿ ಊರಿನವರದು, ಮಧ್ಯಾಹ್ನದ್ದು ನಮ್ಮದು. ಹನ್ನೆರಡರ ಗಂಟೆಗೆ ಅವರು ಏಳುತ್ತಿದ್ದರು, ನಾವು ಅದೇ ಬೆಚ್ಚಗಿನ ಕುರ್ಚಿಗಳಲ್ಲಿ ಕೂರುತ್ತಿದ್ದೆವು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಬೆಳಗಿನ ಪಾಳಿಯಲ್ಲಿ ಇದ್ದವರು ಜವಾನರು, ಹೆಚ್ಚೆಂದರೆ ಕಾಗದ ಜೋಡಿಸುವವರು. ಮಧ್ಯಾಹ್ನದ ನಾವೆಲ್ಲ ಗುಮಾಸ್ತರು. ಕಾರಣ, ಗುಮಾಸ್ತರಾಗಲು ರಾಜಧಾನಿಯವರು ನಡೆಸುವ ಹತ್ತನೆಯ ಇಯತ್ತೆಯ ಪರೀಕ್ಷೆ ಪಾಸಾಗಿರಬೇಕು, ಮತ್ತು ಆ ಪರೀಕ್ಷೆ ನಡೆಯುತ್ತಿದ್ದದ್ದು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ.

ಊರಿನ ಮಕ್ಕಳು ಮೂರು ತಾಸು ಖಾಲಿ ಕಾಗದದ ಮುಂದೆ ಕೂತು ಎದ್ದು ಬರುತ್ತಿದ್ದರು. ಕೆಲವರು ಧೈರ್ಯ ಮಾಡಿ ಕಾಣದ ಪ್ರಶ್ನೆಗೆ ಕಾಣದ ಉತ್ತರ ಬರೆಯುತ್ತಿದ್ದರು, ಸಾಲಿನ ಮೇಲೆ ಸಾಲು ಹತ್ತಿ ಕುಳಿತಿರುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಪ್ರಶ್ನೆಪತ್ರಿಕೆ ಬಿಚ್ಚಿ, ಒಂದೊಂದೇ ಪ್ರಶ್ನೆಗೆ ಸರಿಯಾದ ಉತ್ತರ ಹೇಳುತ್ತಾ ಅಳುತ್ತಿದ್ದರು. ರಾಜಧಾನಿಯಿಂದ ತಪಾಸಣೆಗೆ ಬಂದ ಅಧಿಕಾರಿಗಳ ಕಣ್ಣಿಗೆ ಅಕ್ಷರಗಳು ಎಲ್ಲ ಹೊತ್ತಿನಲ್ಲೂ ಚೆನ್ನಾಗಿಯೇ ಕಾಣುತ್ತಿದ್ದವು. 'ಈ ಊರಿನವರು ಮಧ್ಯಾಹ್ನದ ನಿದ್ದೆಗೆ ಒಗ್ಗಿದವರು' ಎಂದು ಅವರು ವರದಿ ಬರೆದರು. ನಾವು ಆಚೆದಂಡೆಯವರು ಮಾತ್ರ ಪಾಸಾಗುತ್ತಿದ್ದೆವು. ಪಾಸಾದದ್ದಕ್ಕೆ ಊರಿನವರು ನಮ್ಮನ್ನು ಕ್ಷಮಿಸಿರಲಿಲ್ಲ.

ಹಂಚಿನಾಳ ಸರ್ ಪಾಸಾಗಿ ಪ್ರೊಫೆಸರ್ ಆದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಅವರು ಅಷ್ಟು ಬುದ್ಧಿವಂತರು, ಬಹುಶಃ ಕಣ್ಣು ಮುಚ್ಚಿಯೇ ನೆಟ್ಟಗೆ ಬರೆದಿರಬೇಕು ಎಂದುಕೊಂಡಿದ್ದರು. ನಿಜ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಲ್ಲಿ. ಮಧ್ಯಾಹ್ನ ಎರಡು ಗಂಟೆಯಿರಬೇಕು. ಪರೀಕ್ಷೆಯ ಹೊತ್ತು ಬದಲಿಸಬೇಕೆಂದು ಅವರು ರಾಜಧಾನಿಗೆ ಬರೆಯುತ್ತಿದ್ದ ಮನವಿಯನ್ನು ನಾನು ಟೈಪ್ ಮಾಡಿ ಮೇಜಿನ ಮೇಲಿಟ್ಟೆ. ಸರ್ ಏನೋ ಯೋಚನೆಯಲ್ಲಿದ್ದರು. ಹಾಳೆಯನ್ನು ಎತ್ತಿ, ಕನ್ನಡಕವಿಲ್ಲದ್ದರಿಂದ ತೋಳಿನಷ್ಟು ದೂರ ಹಿಡಿದು, "ಸ್ವಾಯತ್ತಕ್ಕ ತ ಒತ್ತು ಬಿಟ್ಟದ ನೋಡವಾ" ಎಂದರು.

ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದರು.

"ನಮ್ಮವ್ವನ ತವರು ರಾಜಧಾನಿ" ಎಂದರು. "ಚೊಚ್ಚಲ ಹೆರಿಗಿ. ಅಲ್ಲೇ ದವಾಖಾನ್ಯಾಗ ಹುಟ್ಟೀನಿ. ನಾನೇನು ಕೇಳಿ ಹುಟ್ಟಲಿಲ್ಲ."

"ಇಲ್ರಿ ಸರ್" ಎಂದೆ. ತ ಒತ್ತು ಹಾಕಿ ಇನ್ನೊಂದು ಪ್ರತಿ ಮಾಡಿಕೊಟ್ಟೆ. ಆ ವಿಷಯ ಮತ್ತೆ ನಮ್ಮ ನಡುವೆ ಬರಲಿಲ್ಲ.

ಮನೆಯಲ್ಲಿ ಅವರ ಹೆಂಡತಿ ಸುಮಂಗಲಾಬಾಯಿಗೆ ಗೊತ್ತಿತ್ತು. ಅವರು ಊರಿನಲ್ಲೇ ಹುಟ್ಟಿದವರು. ಮಧ್ಯಾಹ್ನ ಪತ್ರಿಕೆಯಲ್ಲಿ ಬರುವ ಧಾರಾವಾಹಿಯ ಹುಚ್ಚು. ಕಿಟಕಿ ಬಾಗಿಲು ಭದ್ರ ಮಾಡಿ ಗಂಡನ ಕೈಯಲ್ಲಿ ಓದಿಸಿ ಕೇಳುತ್ತಿದ್ದರು. ಗಂಡಹೆಂಡತಿ ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುವುದನ್ನು ನೋಡಿ ಓಣಿಯವರು ಬೇರೆಯೇ ಅರ್ಥ ಮಾಡಿಕೊಂಡು, ಈ ವಯಸ್ಸಿನಲ್ಲೂ ಎಂದು ಮೆಚ್ಚಿಕೊಳ್ಳುತ್ತಿದ್ದರು. ಆದರೆ ಒಂದು ಸಿಟ್ಟು ಸುಮಂಗಲಾಬಾಯಿಯ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಊರಿನ ಅನುಕೂಲಸ್ಥರೆಲ್ಲ ಹೆರಿಗೆಗೆ ಹೆಂಡತಿಯನ್ನು ರಾಜಧಾನಿಗೆ ಕಳಿಸುತ್ತಿದ್ದ ಕಾಲದಲ್ಲಿ ಸರ್ ಹಟ ಹಿಡಿದು ಇಲ್ಲಿಯೇ ಹೆರಿಗೆ ಮಾಡಿಸಿದ್ದರು. ನಮ್ಮ ನೆಲದ ಹೊತ್ತು ನಮ್ಮ ಮಗುವಿಗೂ ಇರಲಿ ಎಂದಿದ್ದರು. ಮಗಳು ವಸುಧಾ ಮೂರು ಸಲ ಪರೀಕ್ಷೆಗೆ ಕೂತು ಮೂರು ಸಲವೂ ಫೇಲಾದಳು. ಮೂರನೆಯ ಫಲಿತಾಂಶ ಬಂದ ದಿನ ನಾನು ಕಾಗದಕ್ಕೆ ಸಹಿ ಹಾಕಿಸಲು ಮನೆಗೆ ಹೋಗಿದ್ದೆ. ಸುಮಂಗಲಾಬಾಯಿ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. "ತತ್ವ ಇವರದು, ಕಣ್ಣು ನನ್ನ ಮಗಳದು" ಎಂದು ನನಗೇ ಎಂಬಂತೆ ಹೇಳಿದರು. ಸರ್ ಒಳಗಿನಿಂದ ಕೇಳಿಸಿಕೊಂಡರು. ಮರುದಿನ ಕಾಲೇಜಿಗೆ ರಾಜೀನಾಮೆ ಕೊಟ್ಟರು.

ಅಷ್ಟರಲ್ಲಿ ಅವರು ರಾಜಧಾನಿಗೆ ಹತ್ತೊಂಬತ್ತು ಮನವಿ ಬರೆದಿದ್ದರು. ಹತ್ತೊಂಬತ್ತಕ್ಕೂ ಒಂದೇ ಉತ್ತರ: 'ಏಕರೂಪತೆಯ ದೃಷ್ಟಿಯಿಂದ ತಮ್ಮ ಮನವಿಯನ್ನು ಪರಿಗಣಿಸಲು ಸಾಧ್ಯವಾಗುವುದಿಲ್ಲ.' ತರ್ಕಶಾಸ್ತ್ರಜ್ಞರಾದ ಸರ್‌ಗೆ ಆ ವಾಕ್ಯದ ಮೇಲೆ ವಿಚಿತ್ರ ಮೋಹ ಹುಟ್ಟಿತ್ತು. ಸಭೆಗಳಲ್ಲಿ ಅದನ್ನೇ ಓದಿ, ಒಂದೊಂದು ಪದವನ್ನೂ ಈರುಳ್ಳಿಯಂತೆ ಸುಲಿದು ತೋರಿಸುತ್ತಿದ್ದರು. "ಏಕರೂಪ ಅಂದ್ರ ಏನ್ರಿ? ಕುಂಟಗೂ ಕಾಲಿದ್ದವಗೂ ಒಂದೇ ಓಟ. ಯಾರ ಕಣ್ಣಿಗೆ ಯಾವಾಗ ಅಕ್ಷರ ಕಾಣತಾವೋ ಅವರ ಗಂಟಿ ಅವರೇ ಹೊಡೀಬೇಕು." ಈ ಕೊನೆಯ ಮಾತನ್ನು ಜನ ಗೋಡೆಗಳ ಮೇಲೆ ಬರೆದರು. ಮಧ್ಯಾಹ್ನವೂ ತಿಳಿಯಲಿ ಎಂದು ಪಕ್ಕದಲ್ಲಿ ಒಂದು ಗಂಟೆಯ ಚಿತ್ರ. ಗಂಟೆಯೇ ಅವರ ಪಕ್ಷದ ಗುರುತಾಯಿತು.

ಚಳವಳಿ ಹನ್ನೊಂದು ವರ್ಷ ನಡೆಯಿತು. ಸರ್ ಎರಡು ಸಲ ಜೈಲಿಗೆ ಹೋದರು. ಜೈಲಿನಲ್ಲೂ ಮಧ್ಯಾಹ್ನ ಪುಸ್ತಕ ಮುಟ್ಟದೆ ಕೂತಿದ್ದರಂತೆ. ನಾನು ಅವರ ಜೊತೆಗೇ ಇದ್ದೆ, ಏಕೆಂದರೆ ಚಳವಳಿಗೂ ಮಧ್ಯಾಹ್ನ ಟೈಪ್ ಮಾಡುವವರು ಬೇಕಲ್ಲ. ಆಚೆದಂಡೆಯವಳು ನಿನಗೇಕೆ ಇದು ಎಂದು ನಮ್ಮವರು ಕೇಳುತ್ತಿದ್ದರು. ವಸುಧಾಳ ಖಾಲಿ ಕಾಗದವನ್ನು ನಾನು ಕಣ್ಣಾರೆ ನೋಡಿದ್ದೆ. ಅದು ಒಂದು ಕಾರಣ. ಹಂಚಿನಾಳ ಸರ್ ಮಾತನಾಡಿದಾಗ ಆ ಮಾತು ನಮ್ಮನ್ನೂ ಸೇರಿಸಿಯೇ ಆಡಿದ್ದು ಎಂದು ನಾನು ನಂಬಿದ್ದೆ. ಅದು ಇನ್ನೊಂದು.

ಕೊನೆಗೆ ರಾಜಧಾನಿಯವರಿಗೆ ನಮ್ಮಿಂದ ಬೇಸರ ಬಂತು. ಹೊಳೆಯ ಎರಡೂ ದಂಡೆ ಸೇರಿಸಿ ಒಂದು ಪ್ರಾಂತ ಪರಿಷತ್ತು ಮಾಡಿಕೊಟ್ಟರು. ಶಾಲೆ, ಸಂತೆ, ಸೇತುವೆ ಇವುಗಳ ಆಡಳಿತ ನಮ್ಮದು. ಸೇತುವೆ ಇನ್ನೂ ಕಟ್ಟಿರಲಿಲ್ಲವಾದ್ದರಿಂದ ಶಾಲೆ ಮತ್ತು ಸಂತೆ ಎನ್ನಬಹುದು. ಸರ್ ಅಧ್ಯಕ್ಷರಾದರು. ಚಳವಳಿಯ ಕಾಲದಿಂದ ಅವರ ಬಲಗೈಯಾಗಿದ್ದ ರುದ್ರಗೌಡರು ಉಪಾಧ್ಯಕ್ಷರು. ಮೊದಲ ದಿನ, ಬೆಳಿಗ್ಗೆ ಒಂಬತ್ತಕ್ಕೆ, ಸರ್ ಮೊದಲ ಆದೇಶಕ್ಕೆ ಸಹಿ ಹಾಕಿದರು: ಇನ್ನು ಮುಂದೆ ಪ್ರಾಂತದ ಎಲ್ಲ ಪರೀಕ್ಷೆಗಳು ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ.

ಆ ವರ್ಷದ ಪರೀಕ್ಷೆಗೆ ವಸುಧಾ ಕೂತಳು. ಅವಳಿಗೆ ಆಗ ಮೂವತ್ತರ ಹತ್ತಿರ, ಎರಡು ಮಕ್ಕಳ ತಾಯಿ. ತೊಡೆಯ ಮೇಲೆ ಕರವಸ್ತ್ರ ಹಾಸಿಕೊಂಡು, ಶಾಲೆಯ ಚಿಕ್ಕ ಬೆಂಚಿನಲ್ಲಿ ಕಾಲು ಮಡಿಸಿ ಕೂತು ಬರೆದಳು, ಪಾಸಾದಳು. ಸುಮಂಗಲಾಬಾಯಿ ಓಣಿಗೆಲ್ಲ ಪೇಡೆ ಹಂಚಿದರು. ನನಗೂ ಎರಡು ಬಂದವು. ಅದೇ ಪಟ್ಟಿಯಲ್ಲಿ ಆಚೆದಂಡೆಯ ಶಾಲೆಯ ಮೂವತ್ತೆಂಟು ಮಕ್ಕಳ ಹೆಸರಿನ ಮುಂದೆ ಸೊನ್ನೆ ಇತ್ತು. ಆ ಪಟ್ಟಿಯನ್ನು ಟೈಪ್ ಮಾಡಿದವಳೂ ನಾನೇ. ಪೇಡೆ ತಿಂದೆನೋ ಇಲ್ಲವೋ ಈಗ ನೆನಪಿಲ್ಲ. ತಿಂದಿರಬೇಕು.

ಆಚೆದಂಡೆಯ ಶಾಲೆಯನ್ನು ನಲವತ್ತು ವರ್ಷದಿಂದ ನಡೆಸುತ್ತಿದ್ದವರು ಕಾಶವ್ವ ಟೀಚರ್. ನನಗೆ ಅಕ್ಷರ ಕಲಿಸಿದವರು ಅವರೇ. ಅವರ ಮೊದಲ ಮನವಿ ಆ ತಿಂಗಳೇ ಬಂತು: ನಮ್ಮ ಮಕ್ಕಳಿಗೆ ಮಧ್ಯಾಹ್ನವೇ ಪರೀಕ್ಷೆ ಇರಲಿ. ಸರ್ ಅದನ್ನು ಪರಿಷತ್ತಿನ ಮುಂದಿಟ್ಟರು. ರುದ್ರಗೌಡರು ಎದ್ದು ನಿಂತು, ಊರಿನ ಮಕ್ಕಳು ಬೆಳಿಗ್ಗೆ ಬರೆದ ಪ್ರಶ್ನೆ ಮಧ್ಯಾಹ್ನದೊಳಗೆ ಹೊಳೆ ಈಸಿಕೊಂಡು ಆಚೆದಂಡೆ ಸೇರುತ್ತದೆ ಎಂದರು. ಯಾರೋ ಎರಡು ಪ್ರಶ್ನೆಪತ್ರಿಕೆ ಮಾಡೋಣ ಎಂದಾಗ, ಯಾವುದು ಸುಲಭದ್ದು ಎಂದು ಜಗಳವಾಗುತ್ತದೆ ಎಂದರು. ಇನ್ಯಾರೋ ರಾತ್ರಿ ಲಾಂದ್ರದ ಬೆಳಕಿನಲ್ಲಿ ಎಲ್ಲರಿಗೂ ಒಟ್ಟಿಗೆ ಎಂದಾಗ, ನಿಯಮದಲ್ಲಿ ಅವಕಾಶವಿಲ್ಲ ಎಂದರು. ನಿಯಮ ರಾಜಧಾನಿಯವರದಲ್ಲವೇ ಎಂದು ಕೇಳಿದ್ದಕ್ಕೆ, ಈಗ ಅದು ನಮ್ಮದೇ ಎಂದರು. ಊರಿನ ಸದಸ್ಯರು ಹದಿನೇಳು, ಆಚೆದಂಡೆಯವರು ಮೂವರು.

ಸಭೆ ಮುಗಿದ ಮೇಲೆ ಸರ್ ನನ್ನ ಕೋಣೆಗೆ ಬಂದರು. ಮಧ್ಯಾಹ್ನವಾಗಿತ್ತು, ಕನ್ನಡಕ ಜೇಬಿನಲ್ಲಿತ್ತು.

"ಕಾಶವ್ವನವರಿಗೆ ಒಂದು ಕಾಗದ ಹೋಗಬೇಕು ನೀಲವ್ವ."

"ಏನಂತ ಬರೀಲ್ರಿ?"

ಅವರು ಕಿಟಕಿಯ ಹೊರಗೆ ನೋಡಿದರು. "ಒಂದು ವರ್ಷ ತಡೀರಿ ಅಂತ. ಪರಿಷತ್ತು ಹೊಸದದ. ಈಗಲೇ ಜಗ್ಗಿದ್ರ ಹರೀತದ. ಬರಿ ನೀನೇ, ಸರಕಾರಿ ಭಾಷಾದಾಗ."

ನಾನು ಬರೆದೆ. ಸರಕಾರಿ ಭಾಷೆಯಲ್ಲಿ ಆ ಮಾತಿಗೆ ಇದ್ದದ್ದು ಒಂದೇ ವಾಕ್ಯ. ಹತ್ತೊಂಬತ್ತು ಸಲ ಫೈಲಿಗೆ ಸೇರಿಸಿದ ವಾಕ್ಯ, ನನ್ನ ಬೆರಳುಗಳಿಗೇ ಬಾಯಿಪಾಠವಾಗಿತ್ತು. ಟೈಪ್ ಮಾಡಿ ಮುಂದಿಟ್ಟೆ. ಸರ್ ಅದನ್ನು ನೋಡಲಿಲ್ಲ, ಅಥವಾ ನೋಡದ ಹಾಗೆ ಇದ್ದರು. ಎಲ್ಲಿ ಸಹಿ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ.

ಮರುವರ್ಷ ನಲವತ್ತೊಂದು ಸೊನ್ನೆ. ಆಚೆದಂಡೆಯಿಂದ ಎರಡನೆಯ ಮನವಿ ಬಂತು. ಇದು ಉದ್ದವಾಗಿತ್ತು. ನಾನು ಓದಿ ಹೇಳಲು ಹೊರಟಾಗ ಸರ್ ಬೇಡವೆಂದು, ಮೇಜಿನ ಮೇಲಿಟ್ಟು ಹೋಗು ಎಂದರು. ಬಾಗಿಲು ಎಳೆದುಕೊಂಡು ಬಂದೆ. ಒಂದು ತಾಸಿನ ಮೇಲೆ ಚಹಾ ಕೊಡಲು ಹೋದಾಗ ಕಾಗದ ಮಡಿಸಿ ಶಾಯಿಕುಡಿಕೆಯ ಕೆಳಗಿಟ್ಟಿತ್ತು, ಕನ್ನಡಕ ಮೇಜಿನ ಮೇಲಿತ್ತು. "ನಾಳೆ ಆಚೆದಂಡಿಗೆ ಹೋಗೂಣು. ದೋಣಿ ಹೇಳು" ಎಂದರು.

ಬೆಳಿಗ್ಗೆಯೇ ಹೊರಟೆವು. ಸರ್ ಮನಸ್ಸಿನಲ್ಲಿ ಇದ್ದದ್ದು ತಾಳ್ಮೆ ಬೋಧಿಸಿ ಊಟದ ಹೊತ್ತಿಗೆ ಮರಳುವುದು. ಚೀಲದಲ್ಲಿ ಅಂಕಿಅಂಶಗಳ ಕಂತೆಯಿತ್ತು. ಶಾಲೆಯ ಪಡಸಾಲೆಯಲ್ಲಿ ನೂರು ನೂರೈವತ್ತು ಜನ ಸೇರಿದ್ದರು. ಸರ್ ಎದ್ದು ನಿಂತು ಅಂಕಿಅಂಶ ಓದಿದರು. ಯಾರೂ ಅಡ್ಡ ಮಾತಾಡಲಿಲ್ಲ. ಬೆಳಗಿನ ಹೊತ್ತು ಓದಲು ಬಾರದ ಜನ, ಚೆನ್ನಾಗಿ ಕೇಳಿದರು. ಮುಗಿದಾಗ ಕಾಶವ್ವ ಟೀಚರ್, "ಭಾಳ ಮಾತಾಡೀರಿ, ಮೊದಲ ಉಣ್ಣ್ರಿ" ಎಂದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾದ ಚಟ್ನಿ. ಉಂಡು ಕೈ ತೊಳೆಯುವಷ್ಟರಲ್ಲಿ ಶಾಲೆಯ ಗಂಟೆ ಹನ್ನೆರಡು ಹೊಡೆಯಿತು. ಸರ್ ಅಭ್ಯಾಸದಂತೆ ಕನ್ನಡಕ ತೆಗೆದು ಸುತ್ತಿ ಜೇಬಿಗಿಟ್ಟರು.

"ಈಗ ನಮ್ಮ ಹೊತ್ತು" ಎಂದು ಟೀಚರ್ ತಮ್ಮ ಕನ್ನಡಕ ಹಾಕಿಕೊಂಡರು. "ನಿಮಗ ಕಳಿಸಿದ್ದ ಅರ್ಜಿ ನಿಮ್ಮ ಕಣ್ಣಿಗೆ ಬಿತ್ತೋ ಇಲ್ಲೋ. ಇದು ಅದರ ನಕಲು, ಓದಿ ಹೇಳತೀನಿ, ಕೇಳ್ರಿ."

ಎಪ್ಪತ್ತು ದಾಟಿದ್ದರೂ ತರಗತಿಯ ದನಿ ಹಾಗೇ ಇತ್ತು. ಅರ್ಜಿಯ ತುಂಬ ಇದ್ದದ್ದು ಸರ್ ಹನ್ನೊಂದು ವರ್ಷ ಆಡಿದ ಮಾತುಗಳೇ, ದಿನಾಂಕ ಸಮೇತ. ಕುಂಟನ ಓಟ ಬಂತು, ಗಂಟೆಯ ಮಾತು ಬಂತು. ಸರ್ ತಲೆ ತಗ್ಗಿಸಿ ಕೇಳಿದರು. ತರ್ಕದಲ್ಲಿ ಒಂದೂ ದೋಷವಿರಲಿಲ್ಲ, ಅವರದೇ ಅಲ್ಲವೇ. ಕೊನೆಗೆ ಟೀಚರ್, "ಇಂತಿ ಆಚೆದಂಡೆಯ ಸಮಸ್ತರು" ಎಂದು ಓದಿ ಕಾಗದ ಮಡಿಸಿದರು.

ಸರ್ ತಲೆ ಎತ್ತಿದರು. "ಒಂದು ಸಾಲು ಬಿಟ್ರಿ" ಎಂದರು.

"ಯಾವ ಸಾಲ್ರಿ?"

"ಸಮಸ್ತರು ಅನ್ನೂದಕ್ಕಿಂತ ಮೊದಲಿಂದು."

"ಅದು ಸಿಟ್ಟಿನಾಗ ಬರದದ್ದು. ಮನಿಗೆ ಬಂದವರ ಮುಂದ ಓದೂದು ಛಲೋ ಅಲ್ಲ, ಬಿಡ್ರಿ."

ಸರ್ ಜೇಬಿಗೆ ಕೈ ಹಾಕಿದರು. ಕರವಸ್ತ್ರ ಬಿಚ್ಚಿದರು. ಕನ್ನಡಕ ಒರೆಸಿ, ಕಿವಿಗೆ ಸಿಕ್ಕಿಸಿಕೊಂಡು, ಟೀಚರ್ ಕೈಯಿಂದ ಕಾಗದ ತೆಗೆದುಕೊಂಡು, ಹನ್ನೆರಡೂವರೆಯ ಬಿಸಿಲಿನಲ್ಲಿ, ನೂರೈವತ್ತು ಜನರ ಎದುರು ಸ್ಪಷ್ಟವಾಗಿ ಓದಿದರು: "ರಾಜಧಾನಿ ದೂರ ಇತ್ತು, ಕಾಣದೆ ಮಾಡಿತು. ನೀವು ಎದುರು ದಂಡೆಯಲ್ಲಿದ್ದೀರಿ, ಕಂಡೂ ಮಾಡಿದಿರಿ."

ಊರಿನಲ್ಲಿ ಹುಟ್ಟಿದ ಕಣ್ಣು ಈ ಹೊತ್ತಿನಲ್ಲಿ ಓದುವುದಿಲ್ಲವೆಂದು ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಸರ್ ಕಾಗದವನ್ನು ಮಡಿಸಿ ಟೀಚರ್ ಕೈಗೆ ಕೊಟ್ಟು, "ಬರದದ್ದು ಖರೇ ಅದ" ಎಂದು ಎದ್ದು ದೋಣಿಯ ಕಡೆ ನಡೆದರು. ಹೊಳೆ ದಾಟುವವರೆಗೂ ಕನ್ನಡಕ ತೆಗೆಯಲಿಲ್ಲ. ದಡದ ಮೇಲಿದ್ದ ಸೋಪಿನ ಜಾಹೀರಾತನ್ನು ಓದಿದರು, ದೋಣಿಯವನ ಲೈಸೆನ್ಸಿನ ನಂಬರು ಓದಿದರು. ಹಸಿದ ಮನುಷ್ಯ ಉಂಡ ಹಾಗೆ ಕಂಡಿತು ನನಗೆ.

ಮುಂದೆ ಒಮ್ಮೆ ಟೀಚರ್ ಹತ್ತಿರ ಕೇಳಿದೆ, ಆ ಸಾಲು ಬೇಕೆಂದೇ ಬಿಟ್ಟಿರಾ ಎಂದು. "ವಯಸ್ಸಾತು ತಂಗಿ, ಸಾಲು ತಪ್ಪತಾವ" ಎಂದರು.

ಸುದ್ದಿ ದೋಣಿಗಿಂತ ಮುಂಚೆ ಊರು ತಲುಪಿತ್ತು. ಮರುದಿನ ಬೆಳಿಗ್ಗೆ ಸರ್ ಯಾರ ಮುಂದೆಯೂ ಇಡದೆ, ಅಧ್ಯಕ್ಷರ ವಿಶೇಷ ಅಧಿಕಾರದಿಂದ ಆದೇಶ ಹೊರಡಿಸಿದರು: ಆಚೆದಂಡೆಗೆ ಮಧ್ಯಾಹ್ನ ಒಂದರಿಂದ ನಾಲ್ಕು, ಬೇರೆ ಪ್ರಶ್ನೆಪತ್ರಿಕೆ. ಗುಟ್ಟು ಸೋರಬಹುದೆಂಬ ಆಕ್ಷೇಪಣೆಗೆ ಉತ್ತರವಾಗಿ ಬಂದೋಬಸ್ತಿನ ಹದಿನಾಲ್ಕು ಕಲಮುಗಳನ್ನು ತಾವೇ ಕೂತು ಬರೆದರು. ತರ್ಕಶಾಸ್ತ್ರಜ್ಞರು ಬರೆದ ಕಲಮುಗಳು, ಇರುವೆ ನುಸುಳಲೂ ಸಂದಿಯಿರಲಿಲ್ಲ. ಮಧ್ಯಾಹ್ನದ ಸಭೆಯಲ್ಲಿ ಗದ್ದಲವಾಯಿತು. ರುದ್ರಗೌಡರು ಆದೇಶದ ಸುದ್ದಿಯನ್ನೇ ಎತ್ತಲಿಲ್ಲ. ಎದ್ದು ನಿಂತು, ಬಹಳ ವಿನಯದಿಂದ ಕೇಳಿದರು.

"ಸರ್, ನೀವು ಯಾವ ದಂಡಿಯವರು?"

"ರಾಜಧಾನಿ ದವಾಖಾನ್ಯಾಗ ಹುಟ್ಟಿದಾಂವ."

"ಅಂದ್ರ ಹನ್ನೊಂದು ವರ್ಷ ನಾವು ರಾಜಧಾನಿಯವನ ಹಿಂದ ಹೋಗಿ ರಾಜಧಾನಿ ವಿರುದ್ಧ ಹೊಡದಾಡಿದ್ವಿ."

"ಹೊಡದಾಡಿದ್ದು ಖರೇ ಅಲ್ರಿ ಗೌಡ್ರ? ಮಾತು ಯಾರದು ಅನ್ನೂದರಿಂದ ಮಾತು ಸುಳ್ಳಾಗೂದಿಲ್ಲ. ಅದು ತರ್ಕದೋಷ."

"ತರ್ಕ ನಿಮ್ಮ ಕ್ಲಾಸಿನಾಗ ಇರಲಿ" ಎಂದರು ಗೌಡರು. "ನೀವು ಮಧ್ಯಾಹ್ನ ಕನ್ನಡಕ ತಗದು ಕೂತಾಗ ನಮ್ಮವ್ವ ನಿಮಗ ಕೈ ಮುಗೀತಿದ್ಲು. ಅದನ್ನ ಏನಂತ ಕರೀಬೇಕು?"

ಹದಿನೇಳರಲ್ಲಿ ಹದಿನೈದು ಮಂದಿ ಬೆಂಬಲ ಹಿಂದಕ್ಕೆ ತೆಗೆದುಕೊಂಡು ಸರ್ ಅವರನ್ನು ಕುರ್ಚಿಯಿಂದ ಇಳಿಸಿದರು. ಉಳಿದಿಬ್ಬರು ನಿದ್ದೆಯಲ್ಲಿದ್ದರು. ರುದ್ರಗೌಡರಿಗೆ ಅಧ್ಯಕ್ಷರಾಗುವ ಆಸೆಯಿತ್ತು, ಆದರೆ ಊರಿನ ಸದಸ್ಯರಲ್ಲಿ ಇನ್ನೂ ಆರು ಮಂದಿಗೆ ಅದೇ ಆಸೆಯಿತ್ತು. ನಾಲ್ಕು ತಿಂಗಳು ಒಬ್ಬರು ಇನ್ನೊಬ್ಬರನ್ನು ಆ ಕುರ್ಚಿಯಲ್ಲಿ ಕೂರಗೊಡದೆ ಪರಿಷತ್ತು ನಡೆಯಿತು, ಸರ್ ಹೊರಡಿಸಿದ ಆದೇಶವನ್ನು ರದ್ದು ಮಾಡಲೂ ಪುರಸೊತ್ತಾಗಲಿಲ್ಲ. ಐದನೆಯ ತಿಂಗಳು ರಾಜಧಾನಿಯಿಂದ ತಂತಿ ಬಂತು. ತಮ್ಮನ್ನು ತಾವು ಆಳಿಕೊಳ್ಳಲು ಈ ಪ್ರಾಂತದವರಿಗೆ ಇನ್ನೂ ಕಾಲ ಪಕ್ವವಾಗಿಲ್ಲವಾದ್ದರಿಂದ ಪರಿಷತ್ತನ್ನು ವಿಸರ್ಜಿಸಿ ಆಡಳಿತಾಧಿಕಾರಿಯನ್ನು ನೇಮಿಸಲಾಗಿದೆ. ತಂತಿ ಮಧ್ಯಾಹ್ನ ಬಂದಿತ್ತು. ಸಭೆಯಲ್ಲಿ ಅದನ್ನು ನಾನೇ ಓದಿ ಹೇಳಬೇಕಾಯಿತು.

ಸ್ವಾಯತ್ತತೆ ಹೋದದ್ದು ಆಚೆದಂಡೆಯ ನಲವತ್ತು ಮಕ್ಕಳಿಂದ ಎಂದು ಊರು ತೀರ್ಮಾನಿಸಿತು. ಹಂಚಿನಾಳ ಸರ್ ಬೀದಿಯಲ್ಲಿ ಬಂದರೆ ಜನ ಅಂಗಡಿಯ ಚಿತ್ರಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ಗೋಡೆಯ ಮೇಲಿನ ಗಂಟೆಗಳಿಗೆ ಯಾರೋ ಸುಣ್ಣ ಬಳಿದರು. ಸುಮಂಗಲಾಬಾಯಿ ಮಾತ್ರ ಮಧ್ಯಾಹ್ನ ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟರು. "ಇನ್ನ ಯಾರಿಗೆ ಮುಚ್ಚಿಡೂದೈತಿ? ಜೋರಾಗಿ ಓದ್ರಿ" ಎಂದರು. ಓಣಿಯ ಹೆಂಗಸರು ಮೊದಲು ಮುಖ ತಿರುಗಿಸಿಕೊಂಡು ಹೋದರು. ಧಾರಾವಾಹಿ ರೋಚಕ ಘಟ್ಟಕ್ಕೆ ಬಂದಿತ್ತು. ಎರಡನೆಯ ವಾರಕ್ಕೆ ಒಬ್ಬಿಬ್ಬರು ಕಟ್ಟೆಯ ಮೇಲೆ ಸೊಪ್ಪು ಸೋಸುವ ನೆಪ ಮಾಡಿಕೊಂಡು ಕೂತರು.

ಹೊಸ ಆಡಳಿತಾಧಿಕಾರಿ ಸಾಧು ಮನುಷ್ಯ. ಅವರಿಗೆ ಬೇಗ ವರ್ಗ ಮಾಡಿಸಿಕೊಂಡು ಹೋಗುವುದೊಂದೇ ಬೇಕಾಗಿತ್ತು. ಬಂದ ದಿನ ಫೈಲುಗಳ ರಾಶಿ ನೋಡಿ, "ಏನನ್ನೂ ಬದಲಿಸಬೇಡಿ. ಹಿಂದಿನಿಂದ ನಡೆದುಬಂದ ಪದ್ಧತಿ ಹಾಗೇ ನಡೆಯಲಿ" ಎಂದರು. ಪರೀಕ್ಷೆಯ ವೇಳಾಪಟ್ಟಿ ಸಹಿಗೆ ಹೋಯಿತು. ಊರಿಗೆ ಬೆಳಿಗ್ಗೆ, ಆಚೆದಂಡೆಗೆ ಮಧ್ಯಾಹ್ನ. ಇದು ಯಾವಾಗಿನಿಂದ ಎಂದು ಕೇಳಿದರು. ಹಿಂದಿನಿಂದ ಎಂದೆ. ಐದು ತಿಂಗಳೂ ಹಿಂದಿನದೇ ಅಲ್ಲವೇ. ಸಹಿ ಹಾಕಿದರು. ರಾಜಧಾನಿಯೂ ಅದನ್ನು ಪ್ರಶ್ನಿಸಲಿಲ್ಲ. ಹತ್ತೊಂಬತ್ತು ಮನವಿಗೆ, ಹನ್ನೊಂದು ವರ್ಷಕ್ಕೆ, ಎರಡು ಜೈಲಿಗೆ ಬಗ್ಗದ ಏಕರೂಪತೆ, ಯಾರೂ ಕೇಳದೇ ಇದ್ದಾಗ ತಾನಾಗಿ ಪಕ್ಕಕ್ಕೆ ಸರಿದು ಕೂತಿತು.

ಆಚೆದಂಡೆಯ ಪರೀಕ್ಷೆಗೆ ನನ್ನನ್ನು ಕೇಂದ್ರದ ಗುಮಾಸ್ತಳನ್ನಾಗಿ ಹಾಕಿದರು. ಮೇಲ್ವಿಚಾರಕರು ಊರಿನವರು, ಪಾಟೀಲ ಮಾಸ್ತರರು. ಒಂದಕ್ಕೆ ಗಂಟೆ ಹೊಡೆದು, ಪ್ರಶ್ನೆಪತ್ರಿಕೆ ಹಂಚಿ, ಬಾಗಿಲು ಹಾಕಿದೆವು. ನಲವತ್ತಮೂರು ಮಕ್ಕಳು ಬಗ್ಗಿ ಬರೆಯತೊಡಗಿದರು. ಕಾಶವ್ವ ಟೀಚರ್‌ಗೆ ಒಳಗೆ ಬರಲು ಅನುಮತಿ ಇರಲಿಲ್ಲ, ಅವರು ಮನೆಯಲ್ಲಿದ್ದರು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ನೋಡಿದರೆ ಹಂಚಿನಾಳ ಸರ್ ಹೊಳೆಯ ದಾರಿಯಲ್ಲಿ ಕೊಡೆ ಹಿಡಿದು ಬರುತ್ತಿದ್ದರು. ಬಂದವರು ಶಾಲೆಯ ಕಿಟಕಿಯ ಕೆಳಗೆ ನಿಂತು, ಒಳಗಿನ ಪೆನ್ನುಗಳ ಸರಸರ ಸದ್ದನ್ನು ಕೇಳುತ್ತಾ ಹಾಗೇ ಇದ್ದುಬಿಟ್ಟರು.

ಪಾಟೀಲ ಮಾಸ್ತರರು ಹೊರಗೆ ಹೋದರು. ನಾನೂ ಹಿಂದೆ ಹೋದೆ.

"ಸರ್, ಇಲ್ಲಿ ನಿಲ್ಲಂಗಿಲ್ರಿ."

"ಸುಮ್ನ ನಿಂತೀನಿ. ಮಾತಾಡೂದಿಲ್ಲ."

"ಸುಮ್ನನೂ ನಿಲ್ಲಂಗಿಲ್ರಿ. ಆದೇಶ ಐತಿ."

"ಯಾರ ಆದೇಶ?"

ಮಾಸ್ತರರು ಗೋಡೆಗೆ ಅಂಟಿಸಿದ್ದ ಕಾಗದದ ಕಡೆ ಕೈ ತೋರಿಸಿದರು. ಅವರ ಕಣ್ಣಿಗೆ ಅದು ಖಾಲಿ ಹಾಳೆ. ನನ್ನ ಕಡೆ ತಿರುಗಿ, "ಓದವಾ" ಎಂದರು.

ನಾನು ಓದಿದೆ. "ಕಲಮು ಒಂಬತ್ತು. ಪರೀಕ್ಷೆ ನಡೆಯುತ್ತಿರುವಾಗ ಕೇಂದ್ರದ ಸುತ್ತ ನೂರು ಹೆಜ್ಜೆಯೊಳಗೆ, ಕರ್ತವ್ಯದ ಮೇಲಿರುವವರನ್ನು ಬಿಟ್ಟು, ಎಷ್ಟೇ ದೊಡ್ಡವರಾದರೂ ನಿಲ್ಲತಕ್ಕದ್ದಲ್ಲ. ಸಹಿ, ಅಡಿವೆಪ್ಪ ಹಂಚಿನಾಳ, ಅಧ್ಯಕ್ಷರು."

ಸರ್ ಗಮನವಿಟ್ಟು ಕೇಳಿದರು. ಒಂದು ಗಳಿಗೆ ಅವರ ತುಟಿ ಅಲುಗಿತು, ಪ್ರತಿವಾದ ಬರುತ್ತದೆ ಎಂದುಕೊಂಡೆ. ಜೀವನವಿಡೀ ಯಾವ ಆದೇಶವನ್ನೂ ವಾದಿಸದೆ ಒಪ್ಪಿದವರಲ್ಲ ಅವರು. ಆದರೆ ಕೊಡೆಯನ್ನು ಕೈ ಬದಲಿಸಿ, ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ಅಲ್ಲಿಂದ ಹೆಜ್ಜೆ ಎಣಿಸುತ್ತಾ ನಡೆಯತೊಡಗಿದರು. ಮಾಸ್ತರರು ಒಳಗೆ ಹೋದರು. ನಾನು ಬಾಗಿಲಲ್ಲೇ ನಿಂತು ಅವರ ಜೊತೆಗೆ ಎಣಿಸಿದೆ. ತೊಂಬತ್ತೇಳಕ್ಕೆ ಯಾರದೋ ಶೇಂಗಾ ಹೊಲದ ಮುಳ್ಳುಬೇಲಿ ಅಡ್ಡ ಬಂತು. ಅಲ್ಲಿಗೆ ಸಾಕಾಗಿತ್ತು, ಯಾರೂ ಕೇಳುತ್ತಿರಲಿಲ್ಲ. ಸರ್ ಕೊಡೆ ಮಡಿಸಿದರು, ಧೋತರ ಎತ್ತಿ ಕಟ್ಟಿದರು, ಬೇಲಿ ದಾಟಿ ಇನ್ನೂ ಮೂರು ಹೆಜ್ಜೆ ಇಟ್ಟು, ಶಾಲೆಯ ಕಡೆ ಮುಖ ಮಾಡಿ ಬಿಸಿಲಲ್ಲಿ ನಿಂತರು.